ಕಂಪಾಸ್ ಬಾಕ್ಸಿನ ರಾಣಿ

ಜುಲೈ 10, ಗುರುವಾರ

ಮನಸ್ಸಿನಲ್ಲಿ ಇರುವುದನ್ನು ಬರೆಯಿರಿ ಎಂದು ಜಯನಗರದ ಡಾಕ್ಟರ್ ಮೇಡಂ ಹೇಳಿ ಹದಿನೈದು ದಿನ ಆಯಿತು. ಕಾಯಿಲೆ ಮಗಳಿಗೆ, ಔಷಧಿ ತಾಯಿಗೆ. ಬರೆಯಲು ನನಗೇನು ಬರುತ್ತದೆ? ಮೋಟರು ಹಾಕುವ ಸಮಯದ ಬಗ್ಗೆ ಮೇಲಿನ ಬಾಡಿಗೆಯವರಿಗೆ ಚೀಟಿ ಅಂಟಿಸಿದ್ದು ಬಿಟ್ಟರೆ, ಪಿಯುಸಿ ಆದಮೇಲೆ ನಾಲ್ಕು ಸಾಲು ಬರೆದವಳಲ್ಲ. ಈ ಡೈರಿ ಸಿಮೆಂಟ್ ಕಂಪನಿಯವರು ನಮ್ಮ ಯಜಮಾನರ ಹಾರ್ಡ್‌ವೇರ್ ಅಂಗಡಿಗೆ ಹೊಸ ವರ್ಷಕ್ಕೆ ಕೊಟ್ಟದ್ದು. ಇಲ್ಲಿಯವರೆಗೂ ಖಾಲಿ. ಖಾಲಿ ಇದ್ದದ್ದೇ ಒಳ್ಳೆಯದಾಯಿತು, ಮೇ ತಿಂಗಳ ಹಾಳೆ ತಿರುವಲು ನನಗೆ ಧೈರ್ಯ ಇಲ್ಲ.

ಬರೆದೇಬಿಡುತ್ತೇನೆ. ಮೇ ಆರನೇ ತಾರೀಖು ನನ್ನ ಮಗಳು ತನ್ಮಯಿ ಜೀವ ಕಳೆದುಕೊಳ್ಳಲು ಹೋದಳು. ಹತ್ತೊಂಬತ್ತು ವರ್ಷ ಅವಳಿಗೆ. ಯಜಮಾನರು ಭುಜ ಕೊಟ್ಟು ಬಾಗಿಲು ಮುರಿದರು, ದೇವರು ಕಣ್ಣು ಬಿಟ್ಟ, ಮಗು ಉಳಿಯಿತು. ಯಾಕೆ ಎಂದು ಇವತ್ತಿನವರೆಗೂ ಹೇಳಿಲ್ಲ. ನಾನು ಅವಳ ಫೋನು ನೋಡಿದೆ, ಬ್ಯಾಗು ಸುರಿದು ನೋಡಿದೆ, ಕಾಲೇಜಿನ ನೋಟ್ಸಿನ ಹಿಂದಿನ ಹಾಳೆಗಳನ್ನೂ ಬಿಡಲಿಲ್ಲ. ಏನೂ ಸಿಗಲಿಲ್ಲ. ಆ ಕೋಣೆಗೆ ಈಗ ಚಿಲಕ ಇಲ್ಲ. ನಾನು ಹೊಸಿಲಿಗೆ ಅಡ್ಡ ಚಾಪೆ ಹಾಕಿ ಮಲಗುತ್ತೇನೆ, ಹಗಲು ಅರ್ಧ ಗಂಟೆಗೊಮ್ಮೆ ಬಾಗಿಲು ತಳ್ಳಿ ನೋಡುತ್ತೇನೆ. ಗೋಡೆಯ ಕಡೆ ಮುಖ ಮಾಡಿ ಮಲಗಿರುತ್ತಾಳೆ. ಅವಳ ಬೆನ್ನು ಏರಿ ಇಳಿಯುವುದು ಕಂಡಮೇಲೆ ನಾನು ಉಸಿರು ಬಿಡುತ್ತೇನೆ.

ಇವತ್ತು ಬರೆಯಲು ಕೂತದ್ದಕ್ಕೆ ಕಾರಣ ಇದೆ. ಎರಡು ತಿಂಗಳ ಮೇಲೆ ಅವಳು ಬಾಯಿಬಿಟ್ಟು ಏನೋ ಕೇಳಿದಳು. ಸಂಜೆ ಮಳೆ ನಿಂತಮೇಲೆ ಪೋರ್ಟಿಕೋದ ದೀಪಕ್ಕೆ ರೆಕ್ಕೆಹುಳುಗಳು ಮುತ್ತಿದ್ದವು. ಅದರಲ್ಲಿ ಒಂದು ದಪ್ಪ ಕರಿ ಗೊದ್ದ, ರೆಕ್ಕೆ ಕಳಚಿ ಬೀಳಿಸಿ ಮೆಟ್ಟಿಲ ಮೇಲೆ ಓಡಾಡುತ್ತಿತ್ತು. ನಾನು ಪೊರಕೆ ತಂದೆ. ತನು ನನಗಿಂತ ಮೊದಲು ಬಂದು ಅದರ ಮೇಲೆ ಲೋಟ ಬೋರಲು ಹಾಕಿದಳು.

"ರಾಣಿ ಇರುವೆ ಅಮ್ಮ ಇದು. ಹೊಸಾ ಗೂಡು ಮಾಡೋಕೆ ಜಾಗ ಹುಡುಕ್ತಿದೆ. ಒಂದು ಟೆಸ್ಟ್ ಟ್ಯೂಬ್ ಬೇಕಿತ್ತು."

ಚಿನ್ನದ ಸರ ಕೇಳಿದ್ದರೂ ಇಷ್ಟು ಖುಷಿಯಿಂದ ಹೂಂ ಅನ್ನುತ್ತಿರಲಿಲ್ಲ.

ಜುಲೈ 11, ಶುಕ್ರವಾರ

ಟೆಸ್ಟ್ ಟ್ಯೂಬು ಎಲ್ಲಿ ಸಿಗುತ್ತದೆ ಎಂದು ಯಜಮಾನರನ್ನು ಕೇಳಿದೆ. "ಪೈಪ್ ಕೊಡ್ಲಾ? ಅರ್ಧ ಇಂಚು ಸಾಕಾ?" ಎಂದರು. ಆ ಮನುಷ್ಯನಿಗೆ ಪ್ರಪಂಚವೆಲ್ಲ ಅರ್ಧ ಇಂಚು, ಮುಕ್ಕಾಲು ಇಂಚು. ಬನ್ನೇರುಘಟ್ಟ ರಸ್ತೆಯಲ್ಲಿ ರಕ್ತ ಪರೀಕ್ಷೆ ಮಾಡುವ ಲ್ಯಾಬಿಗೆ ನಾನೇ ಹೋದೆ.

"ಯಾವ ಟೆಸ್ಟ್ ಆಂಟಿ? ಶುಗರ್ರಾ, ಥೈರಾಯ್ಡಾ?" ಎಂದಳು ಕೌಂಟರಿನ ಹುಡುಗಿ.

"ಟೆಸ್ಟ್ ಬೇಡಮ್ಮ, ಟ್ಯೂಬ್ ಸಾಕು. ಇರುವೆ ಸಾಕ್ಬೇಕು."

ಒಮ್ಮೆ ನನ್ನನ್ನು, ಒಮ್ಮೆ ಹಿಂದೆ ಕೂತವರನ್ನು ನೋಡಿ, ಮಾತಿಲ್ಲದೆ ನಾಲ್ಕು ಉದ್ದನೆಯ ಟ್ಯೂಬು ಕೊಟ್ಟಳು. ಹುಚ್ಚರ ಹತ್ತಿರ ಜಾಸ್ತಿ ಮಾತಾಡಬಾರದು ಎಂದುಕೊಂಡಿರಬೇಕು.

ತನು ಟ್ಯೂಬಿನ ತಳಕ್ಕೆ ನೀರು ಹಾಕಿ ಹತ್ತಿ ತುರುಕಿದಳು. ಮಧ್ಯದ ಖಾಲಿ ಜಾಗಕ್ಕೆ ರಾಣಿಯನ್ನು ಬಿಟ್ಟು, ಬಾಯಿಗೆ ಇನ್ನೊಂದು ಹತ್ತಿ ಇಟ್ಟಳು. ಹೈಸ್ಕೂಲಿನ ಕಂಪಾಸ್ ಬಾಕ್ಸಿನೊಳಗೆ ಮಲಗಿಸಿ ಮುಚ್ಚಳ ಹಾಕಿದಳು.

"ಊಟಕ್ಕೆ ಏನೇ ಹಾಕೋದು?"

"ಏನೂ ಹಾಕಂಗಿಲ್ಲ. ಮೊದಲ್ನೇ ಮರಿಗಳು ಇರುವೆ ಆಗೋವರೆಗೂ ಅದು ಏನೂ ತಿನ್ನಲ್ಲ. ರೆಕ್ಕೆ ಆಡಿಸ್ತಿದ್ದ ಕಂಡ ಇರುತ್ತಲ್ಲ ಮೈಯಲ್ಲಿ, ಅದೇ ಕರಗಿ ಮರಿಗಳಿಗೆ ಊಟ ಆಗುತ್ತೆ."

"ಬಾಣಂತಿಗೆ ಉಪವಾಸಾನಾ? ಯಾವ ಸೀಮೆ ನ್ಯಾಯನೇ ಇದು?"

ಅವಳ ತುಟಿ ಸ್ವಲ್ಪ ಅಲ್ಲಾಡಿತು. ನಕ್ಕಳು ಎಂದು ಬರೆಯಲಾರೆ, ಆದರೆ ಅಲ್ಲಾಡಿತು.

"ಒಂದೇ ಕಂಡೀಷನ್ ಅಮ್ಮ. ಯಾರೂ ತೆಗೆದು ನೋಡ್ಬಾರ್ದು. ಮುಂದಿನ ಶುಕ್ರವಾರ ಒಂದು ಸಲ ನೋಡ್ತೀನಿ, ಆಮೇಲೆ ಹದಿನೈದು ದಿನಕ್ಕೊಂದು ಸಲ. ಪದೇ ಪದೇ ಬೆಳಕು ಬಿದ್ರೆ, ಅಲ್ಲಾಡಿಸಿದ್ರೆ, ಗಾಬರಿಯಾಗಿ ತನ್ನ ಮೊಟ್ಟೆ ತಾನೇ ತಿಂದ್ಬಿಡುತ್ತೆ."

ಇದನ್ನೆಲ್ಲ ಹೇಳುವಾಗ ಅವಳು ಗೋಡೆ ನೋಡುತ್ತಿರಲಿಲ್ಲ, ನನ್ನನ್ನು ನೋಡುತ್ತಿದ್ದಳು. ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಜುಲೈ 15, ಮಂಗಳವಾರ

ತನು ಸ್ನಾನಕ್ಕೆ ಹೋದಾಗ ಮುಚ್ಚಳ ತೆಗೆದು ನೋಡಿದೆ. ಒಂದೇ ಸಲ. ಜೀವಂತ ಇದೆಯೋ ಇಲ್ಲವೋ ಎಂದು ಮಾತ್ರ.

ಇದೆ. ಹೊಟ್ಟೆಯ ಹತ್ತಿರ ಅಕ್ಕಿನುಚ್ಚಿಗಿಂತ ಸಣ್ಣ ಬಿಳಿ ಮೊಟ್ಟೆ, ಆರು. ಟ್ಯೂಬನ್ನು ಕಿಟಕಿಯ ಹತ್ತಿರ ಹಿಡಿದು ಎಣಿಸಿದೆ. ಆಮೇಲೆ ಸ್ನಾನದ ಮನೆಯ ಬಾಗಿಲು ಬಡಿದು "ತನು?" ಎಂದೆ. "ಇದ್ದೀನಮ್ಮ" ಎಂದಳು. ದಿನಾ ಹೀಗೆಯೇ. ನಾನು ಬಡಿಯುವುದು, ಅವಳು ಇದ್ದೀನಿ ಅನ್ನುವುದು.

ಜುಲೈ 18, ಶುಕ್ರವಾರ

ತನು ಇವತ್ತು ಅವಳ ಲೆಕ್ಕದ ಪ್ರಕಾರ ಮೊದಲ ಸಲ ನೋಡಿದಳು. ಅಜ್ಜಿಯನ್ನೂ ಕರೆದಳು. ನಮ್ಮ ಅತ್ತೆ ಮುನಿವೆಂಕಟಮ್ಮನವರಿಗೆ ಇರುವೆ ಎಂದರೆ ಮೊದಲೇ ಭಕ್ತಿ. ಶನಿವಾರ ಶನಿವಾರ ಕಾಂಪೌಂಡಿನ ಮೂಲೆಗೆ ರವೆ ಸಕ್ಕರೆ ಹಾಕಿ ಕೈಮುಗಿಯುತ್ತಾರೆ, ಆ ಇರುವೆಗಳು ಭಾನುವಾರ ನನ್ನ ಅಡುಗೆಮನೆಗೆ ಬರುತ್ತವೆ.

"ಎಂಟು ಮೊಟ್ಟೆ ಅಜ್ಜಿ" ಎಂದಳು ತನು.

"ಒಂದೇ ಜೀವ ಕಣವ್ವ, ಒಂದು ಊರನ್ನೇ ಹೊತ್ಕೊಂಡು ಬಂದೈತೆ" ಎಂದು ಅತ್ತೆ ಕೆನ್ನೆ ಕೆನ್ನೆ ಬಡಿದುಕೊಂಡರು.

ತನು ರಾತ್ರಿ ಎರಡು ಚಪಾತಿ ತಿಂದಳು. ಮೇ ತಿಂಗಳಿಂದ ಎರಡನೆಯದನ್ನು ಮುಟ್ಟಿರಲಿಲ್ಲ. ಇನ್ನು ಆ ಹುಳ ಏನಾದರೂ ಸತ್ತರೆ ನನ್ನ ಗತಿ ಏನು? ಕಥೆಯಲ್ಲಿ ರಾಕ್ಷಸನ ಜೀವ ಏಳು ಸಮುದ್ರದಾಚೆಯ ಗಿಳಿಯಲ್ಲಿ ಇರುತ್ತದಲ್ಲ, ನನ್ನ ಮಗಳ ಜೀವ ಕಂಪಾಸ್ ಬಾಕ್ಸಿನಲ್ಲಿದೆ.

ಜುಲೈ 22, ಮಂಗಳವಾರ

ಬೆಳಿಗ್ಗೆ ನೋಡಿದೆ, ಹತ್ತು. ಮಧ್ಯಾಹ್ನ ನೋಡಿದೆ, ಹತ್ತು. ಸಂಜೆ ಅವಳು ಟೆರೇಸಿಗೆ ಬಟ್ಟೆ ತರಲು ಹೋದಾಗ ಇನ್ನೊಮ್ಮೆ ನೋಡಿದೆ. ನಾನು ಟ್ಯೂಬು ಎತ್ತಿದೊಡನೆ ರಾಣಿ ಮೊಟ್ಟೆಯ ಗುಂಪನ್ನು ಬಾಯಲ್ಲಿ ಕಚ್ಚಿಕೊಂಡು ಆ ಕಡೆಯಿಂದ ಈ ಕಡೆಗೆ ಓಡುತ್ತದೆ. ಸಂಸಾರವನ್ನು ಬಾಯಲ್ಲಿ ಹಿಡಿದು ಓಡುವ ಗಡಿಬಿಡಿ ನೋಡಿದರೆ ಥೇಟು ನಾನೇ.

ಜುಲೈ 27, ಭಾನುವಾರ

ಮೊಟ್ಟೆ ಇಲ್ಲ.

ಒಂದೂ ಇಲ್ಲ. ಹತ್ತಿಯ ಹಿಂದೆ ನೋಡಿದೆ, ತಿರುಗಿಸಿ ನೋಡಿದೆ, ಯಜಮಾನರ ಕನ್ನಡಕ ಹಾಕಿಕೊಂಡು ನೋಡಿದೆ. ರಾಣಿ ಒಂಟಿಯಾಗಿ ಗಾಜಿಗೆ ಅಂಟಿಕೊಂಡು ನಿಂತಿದೆ, ಮೀಸೆ ಮಾತ್ರ ಅಲ್ಲಾಡುತ್ತಿದೆ.

ಮುಚ್ಚಳ ಹಾಕಿ, ಅದು ಇದ್ದ ಹಾಗೆಯೇ ಪುಸ್ತಕದ ಪಕ್ಕ ಇಟ್ಟು, ಬಂದು ಹುರುಳಿಕಾಯಿ ಬಿಡಿಸಿದೆ. ಯಾರಿಗೂ ಹೇಳಿಲ್ಲ. ಅವಳು ನೋಡುವುದು ಶುಕ್ರವಾರ. ಅಷ್ಟರಲ್ಲಿ ಮತ್ತೆ ಇಟ್ಟರೂ ಇಡಬಹುದು. ದೇವರೇ, ಇಡಿಸು.

ಜುಲೈ 29, ಮಂಗಳವಾರ, ನಾಗರಪಂಚಮಿ

ನಮ್ಮ ಮನೆತನದ ಹುತ್ತ ಇದ್ದದ್ದು ಬಿಳೇಕಹಳ್ಳಿಯ ಹಿಂದಿನ ಹೊಲದಲ್ಲಿ. ಮಾವ ಚಿಕ್ಕಬೈರಪ್ಪನವರು ಇದ್ದಾಗಲೇ ಹೊಲ ಹೋಯಿತು. ಈಗ ಹುತ್ತದ ಜಾಗದಲ್ಲಿ ಅಪಾರ್ಟ್‌ಮೆಂಟಿನ ಈಜುಕೊಳ ಇದೆ. ಅಲ್ಲಿಗೆ ಹಾಲು ಎರೆಯಲು ಹೋದರೆ ಸೆಕ್ಯೂರಿಟಿಯವನು ಫ್ಲಾಟ್ ನಂಬರ್ ಕೇಳುತ್ತಾನೆ. ಹಾಗಾಗಿ ವರ್ಷಾ ವರ್ಷಾ ಅರಳಿಕಟ್ಟೆಯ ನಾಗರಕಲ್ಲಿಗೆ ತನಿ ಎರೆದು ಬರುತ್ತೇವೆ. ಈ ಸಲ ಅತ್ತೆ ಮೊಣಕಾಲು ನೋವು, ನೀವು ಹೋಗಿಬನ್ನಿ ಎಂದರು. ನಾನೂ ಯಜಮಾನರೂ ಹೋದೆವು. ತನು ಬರಲಿಲ್ಲ, ನಿದ್ದೆ ಎಂದಳು. ಹೋಗಿಬರುವ ಮುಕ್ಕಾಲು ಗಂಟೆಯಲ್ಲಿ ಅತ್ತೆಗೆ ನಾಲ್ಕು ಸಲ ಫೋನು ಮಾಡಿದೆ.

ಪೆಟ್ಟಿಗೆ ತೆಗೆದು ನೋಡುವುದನ್ನು ನಿಲ್ಲಿಸಿದ್ದೇನೆ. ಭಯ.

ಆಗಸ್ಟ್ 1, ಶುಕ್ರವಾರ

ಆಗುವುದೆಲ್ಲ ಆಯಿತು.

ತನು ಮುಚ್ಚಳ ತೆಗೆದೊಡನೆ ಹುಳಿ ವಾಸನೆ ಬಂತು. ಹತ್ತಿ ಹಳದಿ ತಿರುಗಿ ಬೂಷ್ಟು ಹಿಡಿದಿದೆ. ಪಕ್ಕದಲ್ಲಿ ಎಳ್ಳಿನ ಚಿಗಳಿಯ ಒಂದು ಚೂರು, ಒಣಗಿದ ಸೇವಂತಿಗೆಯ ಎಸಳು. ರಾಣಿ ಬದುಕಿದೆ, ಮೊಟ್ಟೆ ಇಲ್ಲ.

"ಯಾರು ಹಾಲು ಹಾಕಿದ್ದು?"

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ನಾನೇ ಕಣವ್ವ. ನೀನು ಮಲಗಿದ್ದೆ. ಹುತ್ತದ ತಾವ ಹೋಗಕ್ಕೆ ಆಗಲಿಲ್ಲ, ಹುತ್ತದ ತಾಯಿ ಮನೇಲೇ ಅವಳಲ್ಲ ಅಂತ ತನಿ ಎರದೆ. ನಾಕೇ ತೊಟ್ಟು."

ಯಜಮಾನರು ಅಂಗಡಿಗೆ ಹೊರಟವರು ನಿಂತು, "ಅವ್ವ, ನಿಂಗೇನು ಬುದ್ಧಿ ಇಲ್ವಾ? ಮಗು ಒಂದನ್ನ ಆಸೆಪಟ್ಟು ಇಟ್ಕೊಂಡಿದ್ರೆ ಅದನ್ನೂ ಕೆಡಿಸ್ತೀಯಲ್ಲ" ಎಂದು ರೇಗಿದರು. ಅತ್ತೆಯ ಮುಖ ಸಣ್ಣದಾಯಿತು.

ನಾನು ಅಲ್ಲೇ ಇದ್ದೆ. ಹಾಲು ಬೀಳುವುದಕ್ಕೆ ಎರಡು ದಿನ ಮುಂಚೆಯೇ ಮೊಟ್ಟೆ ಹೋಗಿತ್ತು ಎಂದು ಈ ಮನೆಯಲ್ಲಿ ಗೊತ್ತಿರುವುದು ನನಗೊಬ್ಬಳಿಗೆ. ಗ್ಯಾಸಿನ ಮೇಲೆ ಸಾರು ಇದೆ ಎಂದು ಒಳಗೆ ಬಂದುಬಿಟ್ಟೆ.

ಆಗಸ್ಟ್ 2, ಶನಿವಾರ

ಅತ್ತೆ ಬೆಳಿಗ್ಗೆಯಿಂದ ಏನೂ ತಿಂದಿಲ್ಲ. ರವೆ ಹಾಕಲೂ ಹೋಗಲಿಲ್ಲ. "ಈ ಕೈಯಲ್ಲೇ ಒಂದು ವಂಶ ತೆಗೆದೆ, ಇನ್ನು ಈ ಕೈಯಲ್ಲಿ ಯಾವ ಮಖ ಇಟ್ಕೊಂಡು ಹಾಕ್ಲಿ" ಅನ್ನುತ್ತಾರೆ. ಎಪ್ಪತ್ನಾಲ್ಕು ವರ್ಷ, ಸಕ್ಕರೆ ಕಾಯಿಲೆ. ಇಡ್ಲಿ ತಟ್ಟೆ ಹಿಡಿದು ಮೂರು ಸಲ ಹೋದೆ.

"ನೀನು ಯಾಕೆ ಒದ್ದಾಡ್ತೀಯ, ತಪ್ಪು ಮಾಡಿದವಳು ನಾನು" ಎಂದರು. ಕಳ್ಳನ ಮನಸ್ಸು ಹುಳ್ಳುಳ್ಳಗೆ. ಅವರ ಕಣ್ಣು ನೋಡಲಾಗದೆ ತಟ್ಟೆಯನ್ನೇ ನೋಡಿದೆ.

ಹೇಳಿದರೆ ತನು ನನ್ನನ್ನು ಏನೆಂದುಕೊಳ್ಳುತ್ತಾಳೆ? ಈಗ ತಾನೇ ನಾಲ್ಕು ಮಾತು ಆಡಲು ಶುರು ಮಾಡಿದ್ದಾಳೆ. ಅದೂ ನಿಂತುಹೋದರೆ? ಬಿಸಿ ತುಪ್ಪ, ನುಂಗಲೂ ಆಗದು ಉಗುಳಲೂ ಆಗದು. ಎರಡು ದಿನ ಹಸಿದರೆ ಅತ್ತೆ ಸಾಯುವುದಿಲ್ಲ ಎಂದು ಕೂಡ ಮನಸ್ಸಿಗೆ ಬಂತು. ಬಂದದ್ದನ್ನು ಬರೆದಿದ್ದೇನೆ, ಡಾಕ್ಟರ್ ಮೇಡಂ ಹೇಳಿದ್ದು ಅದೇ ತಾನೆ.

ಆಗಸ್ಟ್ 3, ಭಾನುವಾರ

ಮಧ್ಯಾಹ್ನ ಅತ್ತೆ ಗೋಡೆ ಹಿಡಿದುಕೊಂಡು ತನುವಿನ ಕೋಣೆಗೆ ಹೋದರು. ನಾನು ಹೊರಗೆ ನಿಂತೆ.

"ಮಗಾ, ನನ್ನ ಮೇಲೆ ಸಿಟ್ಟು ಮಾಡ್ಕೊಂಡು ಬೈದುಬಿಡವ್ವ. ಸುಮ್ಕೆ ಇರಬ್ಯಾಡ."

"ಬಿಡಜ್ಜಿ. ನಿನ್ನಿಂದ ಅಲ್ಲ" ಎಂದಳು ತನು. "ನಾನು ಮುಟ್ಟಿದ್ದು ಯಾವುದೂ ಉಳಿಯಲ್ಲ."

ಆ ಮಾತು ಅವಳ ಬಾಯಿಂದ ಬಂದಮೇಲೆ ನನಗೆ ಹೊರಗೆ ನಿಂತಿರಲು ಆಗಲಿಲ್ಲ. ಒಳಗೆ ಹೋಗಿ ಹೇಳಿದೆ.

"ಅಜ್ಜಿಯಿಂದ ಅಲ್ಲ, ನಿನ್ನಿಂದಾನೂ ಅಲ್ಲ. ನನ್ನಿಂದ. ಹೋದ ಭಾನುವಾರಾನೇ ಮೊಟ್ಟೆ ಇರ್ಲಿಲ್ಲ. ನಾನು ತೆಗೆದು ತೆಗೆದು ನೋಡ್ತಿದ್ದೆ."

ಅತ್ತೆ ಮಂಚದ ಮೇಲೆ ಕೂತುಬಿಟ್ಟರು. ತನು ನಿಧಾನಕ್ಕೆ ಕೇಳಿದಳು.

"ಎಷ್ಟು ಸಲ?"

"ದಿನಕ್ಕೆ ಮೂರು ನಾಲ್ಕು ಸಲ."

"ಯಾಕಮ್ಮ? ಹೇಳಿದ್ನಲ್ಲ ನಾನು."

"ಅದು ಸತ್ತೋದ್ರೆ ನೀನೂ…" ಎಂದೆ.

ಅವಳು ಸಿಟ್ಟಿಲ್ಲದೆ, ಜೋರಿಲ್ಲದೆ ಹೇಳಿದಳು. "ನನ್ನ ಫೋನ್ ನೋಡ್ತೀಯ. ಬ್ಯಾಗ್ ನೋಡ್ತೀಯ. ಮಲಗಿದ್ರೆ ಬಂದು ಮೂಗಿನ ಹತ್ರ ಕೈ ಇಡ್ತೀಯ, ನಂಗೆ ಎಚ್ಚರ ಇರುತ್ತಮ್ಮ. ಏನಾದ್ರೂ ಸಿಕ್ತಾ ನಿಂಗೆ?"

"ಇಲ್ಲ."

"ಸಿಗಲ್ಲ."

ಅಷ್ಟೇ. ಟ್ಯೂಬು ತೆಗೆದುಕೊಂಡು ತೊಳೆಯುವ ಜಾಗಕ್ಕೆ ಹೋದಳು. ಲ್ಯಾಬಿನ ಹುಡುಗಿ ಕೊಟ್ಟದ್ದರಲ್ಲಿ ಇನ್ನೂ ಮೂರು ಉಳಿದಿದ್ದವು. ಹೊಸದಕ್ಕೆ ನೀರು, ಹತ್ತಿ ಹಾಕಿ ರಾಣಿಯನ್ನು ಅದಕ್ಕೆ ದಾಟಿಸಿದಳು. ಟ್ಯೂಬು ಹಿಡಿದುಕೊಳ್ಳಲಾ ಎಂದು ಕೇಳುವ ಯೋಗ್ಯತೆ ನನಗೆ ಇರಲಿಲ್ಲ.

ಅತ್ತೆ ಸಂಜೆ ಅರ್ಧ ಮುದ್ದೆ ತಿಂದರು. ತಟ್ಟೆ ಎತ್ತುವಾಗ ಒಂದೇ ಮಾತು ಹೇಳಿದರು. "ನಿನ್ನೆ ದಿನಾನೇ ಹೇಳಬೋದಿತ್ತಲ್ಲ ರಮ್ಯ." ಇಪ್ಪತ್ತೊಂದು ವರ್ಷದಲ್ಲಿ ಎಷ್ಟೋ ಜಗಳ ಆಡಿದ್ದೇವೆ, ಯಾವುದೂ ಇಷ್ಟು ಚುಚ್ಚಿರಲಿಲ್ಲ.

ಆಗಸ್ಟ್ 5, ಮಂಗಳವಾರ

ತನು ಮಾತು ಬಿಟ್ಟಿಲ್ಲ, ಆದರೆ ಬೇಕಾದಷ್ಟೇ. ಜಯನಗರಕ್ಕೆ ಹೋಗಿದ್ದೆವು. ಅವಳು ಒಳಗೆ ಒಂದು ಗಂಟೆ ಇದ್ದಳು, ನನಗೆ ಹತ್ತು ನಿಮಿಷ.

"ಮಾತ್ರೆಗಳು ನಿಮ್ಮ ಹತ್ರಾನೇ ಬೀಗದಲ್ಲಿ ಇರ್ಲಿ, ಅದನ್ನ ಬದಲಾಯಿಸ್ಬೇಡಿ" ಎಂದರು ಡಾಕ್ಟರ್ ಮೇಡಂ. "ಆದ್ರೆ ಅರ್ಧ ಗಂಟೆಗೊಂದು ಸಲ ಬಾಗಿಲು ತಳ್ಳೋದು ಸಾಕು. ಈಗ ಅವರು ಅಷ್ಟು ಚೇತರಿಸ್ಕೊಂಡಿದ್ದಾರೆ. ತಟ್ಟಿ ಹೋಗಿ. ಕರೆದ್ರೆ ಸಿಗೋ ಹಾಗೆ ಇರಿ."

"ಕರೀದೇ ಹೋದ್ರೆ ಮೇಡಂ?"

"ಆ ಭಯ ನಿಮಗೆ ಇರುತ್ತೆ ರಮ್ಯ ಅವರೇ. ಅದನ್ನ ಇಲ್ಲಿಗೆ ತನ್ನಿ, ನನ್ನ ಹತ್ರ ಹೇಳಿ. ಅವರ ರೂಮಿಗೆ ತಗೊಂಡು ಹೋಗ್ಬೇಡಿ."

ನಮ್ಮ ಮನೆಯಲ್ಲಿ ಒಳಗಿನ ಬಾಗಿಲು ತಟ್ಟುವ ಪದ್ಧತಿಯೇ ಇಲ್ಲ. ಸ್ವಂತ ಮಗಳ ಕೋಣೆಗೆ ಕೊರಿಯರ್‌ನವರ ಹಾಗೆ ತಟ್ಟಿಕೊಂಡು ಹೋಗಬೇಕಂತೆ. ಆಟೋದಲ್ಲಿ ತನು ಕೂಡ ಅದನ್ನೇ ಹೇಳಿದಳು. "ನಾನಾಗೇ ಕರೆಯೋವರೆಗೂ ಡಬ್ಬಿ ತೆಗೀಬೇಡ. ನನ್ನನ್ನೂ ಅಷ್ಟೇ." ಹೂಂ ಎಂದೆ.

ಆಗಸ್ಟ್ 6

ನೋಡಲಿಲ್ಲ.

ಆಗಸ್ಟ್ 7

ನೋಡಲಿಲ್ಲ. ಪಾತ್ರೆ ಎಲ್ಲ ತೆಗೆದು ಹುಣಸೆಹಣ್ಣು ಹಾಕಿ ತಿಕ್ಕಿದೆ, ತಾಮ್ರದ್ದು, ಹಿತ್ತಾಳೆಯದು, ಸ್ಟೀಲಿನದನ್ನೂ.

ಆಗಸ್ಟ್ 8, ಶುಕ್ರವಾರ

ವರಮಹಾಲಕ್ಷ್ಮಿ. ಕಳಸ ಇಟ್ಟು ಸೀರೆ ಉಡಿಸುವಾಗ ತನು ಬಂದು ನೆರಿಗೆ ಹಿಡಿದುಕೊಂಡಳು. ಕೋಣೆಗೆ ನಾನು ಹೋಗಲಿಲ್ಲ.

ಆಗಸ್ಟ್ 10

ಸಂಜೆ ತಪ್ಪಿಬಿಟ್ಟೆ. ತಟ್ಟದೆ ಬಾಗಿಲು ತಳ್ಳಿದೆ. ಅವಳು ಕೂತು ಓದುತ್ತಿದ್ದಳು.

"ಕಾಫಿ ಬೇಕಾ ಅಂತ ಕೇಳೋಣ ಅಂತ."

"ಆರೂವರೆಗೆ ಕುಡಿದ್ನಲ್ಲಮ್ಮ, ನೀನೇ ಕೊಟ್ಟೆ."

ಬಾಗಿಲು ಎಳೆದುಕೊಂಡು ಬಂದೆ. ನಾಚಿಕೆ ಆಯಿತು, ಅವಳು ಓದುತ್ತಿದ್ದಳು ಎಂದು ಸಂತೋಷವೂ ಆಯಿತು. ಎರಡೂ ಒಟ್ಟಿಗೆ ಬಂದರೆ ಏನು ಮಾಡಬೇಕೋ ಗೊತ್ತಾಗುವುದಿಲ್ಲ.

ಆಗಸ್ಟ್ 13

ತಟ್ಟಿ ಹೋದೆ. "ಬಾ" ಎಂದಳು.

ಆಗಸ್ಟ್ 17, ಭಾನುವಾರ

ಚಾಪೆಯನ್ನು ಹೊಸಿಲಿನಿಂದ ಹಾಲಿಗೆ ತಂದೆ. ಯಜಮಾನರು "ಮಂಚಕ್ಕೆ ಯಾವಾಗ ಬರ್ತೀಯ?" ಎಂದರು. ನಿಮ್ಮ ಗೊರಕೆ ನಿಂತಮೇಲೆ ಎಂದೆ. ಪಾಪ, ಆ ಮನುಷ್ಯನೂ ಮೇ ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿಲ್ಲ. ಬಾಗಿಲಿಗೆ ಕೊಟ್ಟ ಭುಜ ಇನ್ನೂ ನೋಯುತ್ತದಂತೆ, ಯಾರಿಗೂ ಹೇಳದೆ ಅಂಗಡಿಯಲ್ಲಿ ಮುಲಾಮು ಹಚ್ಚಿಕೊಳ್ಳುತ್ತಾರಂತೆ. ಇವತ್ತು ನಾನೇ ಹಚ್ಚಿದೆ. ಭುಜ ಹಿಡಿದಾಗ ಅವರು ಅತ್ತರು, ನಾನೂ ಅತ್ತೆ. ಆ ದಿನದ ಬಗ್ಗೆ ನಾವಿಬ್ಬರೂ ಒಬ್ಬರಿಗೊಬ್ಬರು ಒಂದು ಮಾತೂ ಆಡಿರಲಿಲ್ಲ ಎಂದು ಆಗ ಗೊತ್ತಾಯಿತು.

ಆಗಸ್ಟ್ 22, ಶುಕ್ರವಾರ

ಮೇಲಿನ ಮನೆಯ ಉಮಾಶ್ರೀ ಬನಶಂಕರಿ ಗುಡಿಗೆ ಎಳೆದುಕೊಂಡು ಹೋದಳು. ಗದಗಿನ ಕಡೆಯವಳು, ಬಿಟಿಎಂನಲ್ಲಿ ಯಾವುದೋ ಆಫೀಸಿನಲ್ಲಿ ಕೆಲಸ, ಇವತ್ತು ರಜಾ ಹಾಕಿದ್ದಳು. "ನಮ್ಮೂರ ಕಡೆ ಬನಶಂಕರಿ ಅಂದ್ರ ಮನಿದೇವ್ರು ರೀ ಅಕ್ಕಾರ, ಒಬ್ಬಾಕೀನ ಹೋಗಾಕ ಬ್ಯಾಸರ, ಬರ್ರಿ ನೀವೂ" ಎಂದಳು. ಹೇಗೂ ಅತ್ತೆ ಮನೆಯಲ್ಲಿದ್ದರು.

ರಾಹುಕಾಲದಲ್ಲಿ ನಿಂಬೆಹಣ್ಣಿನ ದೀಪ ಹಚ್ಚುವವರ ನೂಕುನುಗ್ಗಲು. ನನ್ನ ಮುಂದಿನ ಹೆಂಗಸು ತನ್ನ ಹನ್ನೆರಡು ದೀಪ ಇಟ್ಟು ನನಗೆ ಅಂಗೈಯಷ್ಟೂ ಜಾಗ ಬಿಡಲಿಲ್ಲ. ಜಗಳವಾಡಿ ಜಾಗ ಮಾಡಿಕೊಂಡೆ. ದೇವಿಯ ಮುಂದೆ ಜಗಳ ಆಡಬಾರದು, ಆದರೆ ಆ ಹೆಂಗಸಿನ ಸೊಕ್ಕು ದೇವಿಗೂ ಕಂಡಿರುತ್ತದೆ. ಆಮೇಲೆ ಉಮಾಶ್ರೀ ಬಸ್ ನಿಲ್ದಾಣದ ಹತ್ತಿರ ಬಳೆ ತೆಗೆದುಕೊಳ್ಳಬೇಕು ಎಂದಳು, ನಾನೂ ಒಂದು ಡಜನ್ ಹಸಿರು ತೆಗೆದುಕೊಂಡೆ. ಮಸಾಲೆ ದೋಸೆ ತಿಂದೆವು. ಪಲ್ಯಕ್ಕೆ ಉಪ್ಪು ಜಾಸ್ತಿ. ಬಿಸಿಲಿಗೆ ಅಂಗಾಲು ಸುಟ್ಟಿದೆ, ಹರಳೆಣ್ಣೆ ಹಚ್ಚಿದ್ದೇನೆ.

ಮನೆಗೆ ಬಂದಾಗ ಎರಡೂವರೆ. ತನು ಊಟ ಮಾಡಿ ತಟ್ಟೆ ತೊಳೆದಿಟ್ಟಿದ್ದಳು.

ಆಗಸ್ಟ್ 28

ಕಾಲೇಜಿಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ, ಸೋಮವಾರದಿಂದ. ಡಾಕ್ಟರ್ ಮೇಡಂ ಸರಿ ಎಂದರಂತೆ. ನಾನೂ ಸರಿ ಎಂದೆ. ಆಮೇಲೆ ಟೆರೇಸಿಗೆ ಹೋಗಿ ನೀರಿನ ಟ್ಯಾಂಕಿನ ಹಿಂದೆ ಕೂತಿದ್ದೆ.

ಸೆಪ್ಟೆಂಬರ್ 4, ಗುರುವಾರ

ನಾಲ್ಕಕ್ಕೆ ಬರಬೇಕಾದವಳು ಐದಾದರೂ ಬರಲಿಲ್ಲ. ಫೋನು ಸ್ವಿಚ್ ಆಫ್. ಅತ್ತೆಗೆ ಹೇಳದೆ ಬಿಳೇಕಹಳ್ಳಿ ಬಸ್ ಸ್ಟಾಪಿಗೆ ಹೋಗಿ ನಿಂತೆ. ಒಂದು ಬಸ್ಸು, ಎರಡು ಬಸ್ಸು, ಐದು ಬಸ್ಸು. ಪ್ರತಿ ಬಸ್ಸಿನ ಬಾಗಿಲು ತೆರೆದಾಗಲೂ ನನಗೆ ಒಡೆದ ಬಾಗಿಲೇ ಕಂಡಿತು. ಇಲ್ಲದ ದೇವರಿಗೆಲ್ಲ ಹರಕೆ ಹೊತ್ತೆ. ಆರು ಗಂಟೆಯ ಬಸ್ಸಿನಲ್ಲಿ ಇಳಿದಳು, ಜೊತೆಯಲ್ಲಿ ಇನ್ನೊಂದು ಹುಡುಗಿ, ಇಬ್ಬರ ಕೈಯಲ್ಲೂ ಸೌತೆಕಾಯಿ.

ಓಡಿಹೋಗಿ ಹಿಡಿದುಕೊಂಡು ಎರಡು ಬಾರಿಸಬೇಕು ಅನ್ನಿಸಿತು. ಅದರ ಬದಲು ಕಬ್ಬಿನ ಹಾಲಿನ ಗಾಡಿಯ ಹಿಂದೆ ಬಗ್ಗಿ ಕೂತೆ. ಗಾಡಿಯವನು "ಏನಕ್ಕ, ಏನಾದ್ರೂ ಬಿದ್ದೋಯ್ತಾ?" ಎಂದ. ಹೂಂ ಕಣಪ್ಪ, ಸಿಕ್ಕಿತು ಎಂದೆ. ಅವರಿಬ್ಬರೂ ತಿರುವು ದಾಟಿದಮೇಲೆ ಒಂದು ಲೋಟ ಕುಡಿದು, ಅರ್ಧ ಕಿಲೋ ಬೀನ್ಸ್ ಕಟ್ಟಿಸಿಕೊಂಡು, ಹಿಂದಿನಿಂದ ನಿಧಾನವಾಗಿ ಬಂದೆ.

"ಎಲ್ಲೋಗಿದ್ದೆ?" ಎಂದಳು ತನು.

"ತರಕಾರಿಗೆ."

"ಚಾರ್ಜ್ ಹೋಗ್ಬಿಟ್ಟಿತ್ತಮ್ಮ. ಹೆದರ್ಕೊಂಡ್ಯಾ?"

"ಸ್ವಲ್ಪ" ಎಂದೆ.

"ನಾಳೆಯಿಂದ ಚಾರ್ಜರ್ ತಗೊಂಡು ಹೋಗ್ತೀನಿ" ಎಂದಳು.

ಸೆಪ್ಟೆಂಬರ್ 12

ಮೂರನೇ ಮಹಡಿಯ ಬಾತ್‌ರೂಮ್ ಸೋರಿ ಎರಡನೇ ಮಹಡಿಯ ಗೋಡೆ ಒದ್ದೆ. ಪ್ಲಂಬರ್ ಇವತ್ತೂ ಕೈಕೊಟ್ಟ. ಸ್ವಂತ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡು ಒಂದು ವಾಷರಿಗೆ ವಾರಗಟ್ಟಲೆ ಕಾಯಬೇಕು. ಈ ಡೈರಿ ನೆನಪಾಗಿ ಎಂಟು ದಿನ ಆಗಿತ್ತು.

ಸೆಪ್ಟೆಂಬರ್ 20, ಶನಿವಾರ

ನಾಳೆ ಮಹಾಲಯ ಅಮಾವಾಸ್ಯೆ. ಮಾವನವರಿಗೆ ಎಡೆ ಇಡಬೇಕು, ಅದರ ಸಾಮಾನಿಗೆ ಯಜಮಾನರೂ ಅತ್ತೆಯೂ ಮಾರ್ಕೆಟ್ಟಿಗೆ ಹೋಗಿದ್ದರು. ನಾನು ಮುದ್ದೆ ತೊಳಸುತ್ತಿದ್ದೆ. ಕೋಣೆಯಿಂದ ತನು ಕರೆದಳು.

"ಅಮ್ಮ, ಬಾ ಇಲ್ಲಿ."

"ಇರೇ, ಮುದ್ದೆ ಗಂಟಾಗುತ್ತೆ" ಎಂದೆ. ಕೋಲು ಬಿಡುವ ಹಾಗಿರಲಿಲ್ಲ. ತೊಳಸಿ, ಉರಿ ಆರಿಸಿ, ಕೈ ಒರೆಸಿಕೊಂಡು ಹೋದೆ. ಐದಾರು ನಿಮಿಷ ಆಗಿರಬೇಕು. ಬಾಗಿಲು ತಟ್ಟಿದೆ. "ಕರೆದಿದ್ದು ನಾನೇ ಅಲ್ವಾ, ಬಾ" ಎಂದಳು.

ಮೇಜಿನ ಮೇಲೆ ಕಂಪಾಸ್ ಬಾಕ್ಸು ತೆರೆದಿತ್ತು. "ನೋಡು" ಎಂದು ಭೂತಗನ್ನಡಿ ಕೊಟ್ಟಳು. ರಾಣಿಯ ಪಕ್ಕ ಒಂದು ಇರುವೆ, ಸಣ್ಣದು, ಬಣ್ಣ ಇನ್ನೂ ಕೂಡಿರಲಿಲ್ಲ, ಎಳೆ ಕಂದು. ನಿಲ್ಲಲು ಬಾರದೆ ಕಾಲು ಮಡಿಸುತ್ತಿತ್ತು, ಎದ್ದು ಮತ್ತೆ ಮಡಿಸುತ್ತಿತ್ತು. ರಾಣಿ ಅದರ ಮುಖ ನೆಕ್ಕುತ್ತಿತ್ತು. ಎಪ್ಪತ್ತೆರಡು ದಿನದ ಉಪವಾಸ, ಮೈಯಲ್ಲಿ ಇದ್ದ ಕಂಡವನ್ನೆಲ್ಲ ಎರಡೆರಡು ಸಲ ಕರಗಿಸಿ ಕೊಟ್ಟಿದೆ ಮಹಾತಾಯಿ. "ಇವತ್ತಿಂದ ಜೇನುತುಪ್ಪ ಕೊಡ್ಬೋದು, ಒಂದು ಚುಕ್ಕೆ. ಅಜ್ಜಿ ಬರ್ಲಿ, ಅವರ ಕೈಯಲ್ಲೇ ಕೊಡಿಸ್ತೀನಿ" ಎಂದಳು.

ನಾನು ಭೂತಗನ್ನಡಿಯಿಂದ ಕಣ್ಣು ತೆಗೆದಾಗ ಅವಳು ಇರುವೆಯನ್ನು ನೋಡುತ್ತಿರಲಿಲ್ಲ.

"ಅಮ್ಮ, ಮೇ ತಿಂಗಳಲ್ಲಿ ಏನಾಯ್ತು ಅಂತ ಹೇಳ್ಲಾ?"

ನಾನು ಮಂಚದ ಮೇಲೆ ಕೂತೆ. ಹೇಳಿದಳು. ಎಲ್ಲವನ್ನೂ ಹೇಳಿದಳು, ಮೊದಲಿನಿಂದ. ಮಧ್ಯೆ ನಿಲ್ಲಿಸಿದಾಗ ನಾನು ಏನೂ ಕೇಳಲಿಲ್ಲ, ಅವಳೇ ಮುಂದುವರಿಸಿದಳು.

ಅವಳು ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಅದು ಅವಳದು.

ಎದ್ದಾಗ ಎರಡೂಮುಕ್ಕಾಲು ಆಗಿತ್ತು. ಮುದ್ದೆ ಆರಿ ಕಲ್ಲಾಗಿತ್ತು. ಸಾರು ಬಿಸಿ ಮಾಡಿ, ಒಂದೇ ತಟ್ಟೆಗೆ ಹಾಕಿಕೊಂಡು, ಅದನ್ನೇ ಇಬ್ಬರೂ ತಿಂದೆವು.